ಜಿನೋವಾದಲ್ಲಿ ಅಪ್ಪ ಅಮ್ಮನ ಜೊತೆ ಉಳಿಯಲು ಯಾವ ಏರಿಯಾ ಒಳ್ಳೆಯದು?

ನೀವು ಕೇಳಿದ್ದು ಇಷ್ಟು: ಇಟಲಿಯ ಬಂದರು ಊರು ಜಿನೋವಾದಲ್ಲಿ ಮೂರು ರಾತ್ರಿ, ಜೊತೆಗೆ ಅರವತ್ತೈದು ದಾಟಿದ ಅಪ್ಪ ಅಮ್ಮ, ಒಂದು ದಿನ ಚಿಂಕ್ವೆ ತೆರೆ (ಕಡಲಂಚಿನ ಐದು ಹಳ್ಳಿಗಳು), ಕೊನೆಗೆ ಸಾರ್ಡೀನಿಯಾ ದ್ವೀಪಕ್ಕೆ ಹಡಗು. ರೂಮು ಬಂದರಿನ ಹತ್ತಿರ ಮಾಡಬೇಕಾ, ಸ್ಟೇಷನ್ ಹತ್ತಿರವಾ?

ಬ್ರಿನ್ಯೋಲೆ ಸ್ಟೇಷನ್ ಕಡೆ ಮಾಡಿ. ನಾನು ಕೆಲಸಕ್ಕೆಂದು ಬಂದು ಈ ಊರಲ್ಲಿ ಇದ್ದವನು. ಬೆಂಗಳೂರಿಂದ ಬಂದ ನಮ್ಮವರನ್ನೂ ಅಲ್ಲೇ ಇಳಿಸುತ್ತಿದ್ದೆ.

ಜಿನೋವಾದಲ್ಲಿ ರೂಮು ಹುಡುಕುವಾಗ ಮ್ಯಾಪ್ ತೋರಿಸುವ ದೂರವನ್ನು ಜಾಸ್ತಿ ನಂಬಬೇಡಿ. ಹಿಂದೆ ಗುಡ್ಡ, ಮುಂದೆ ಸಮುದ್ರ, ನಡುವೆ ಸಿಕ್ಕ ಜಾಗದಲ್ಲಿ ಊರು ಮೇಲಕ್ಕೆ ಹತ್ತಿಕೊಂಡು ಹೋಗಿದೆ. ಮ್ಯಾಪಿನಲ್ಲಿ 300 ಮೀಟರ್ ಅಂತ ಇರುವುದು ಅಲ್ಲಿ ಹೋದಾಗ ಬರೀ ಮೆಟ್ಟಿಲು. ಬಸ್ಸು, ಮೆಟ್ರೊ ಜೊತೆಗೆ ಸಾರ್ವಜನಿಕ ಲಿಫ್ಟು, ಗುಡ್ಡ ಹತ್ತುವ ಫ್ಯುನಿಕ್ಯುಲರ್ ರೈಲು ಎಲ್ಲಾ ಇಲ್ಲಿ ದಿನನಿತ್ಯದ ಓಡಾಟಕ್ಕೇ ಇರುವುದು. ಪೋರ್ತೆಲ್ಲೊ ಚೌಕದಿಂದ ಕಾಸ್ತೆಲ್ಲೆತ್ತೊಗೆ ಹೋಗುವ ಲಿಫ್ಟಿನಲ್ಲಿ ಒಮ್ಮೆ ಹತ್ತಿ, ಮೇಲಿನಿಂದ ಇಡೀ ಬಂದರು ಕಾಣುತ್ತದೆ. ಆದರೆ ಆ ನೋಟ ಚೆನ್ನಾಗಿದೆ ಅಂತ ರೂಮು ಅಲ್ಲೇ ಮಾಡಬೇಡಿ. ವಯಸ್ಸಾದವರು ಸಂಜೆ ಒಮ್ಮೆ ಮನೆ ಸೇರಿದರೆ ಮತ್ತೆ ಕೆಳಗೆ ಇಳಿಯುವುದಿಲ್ಲ.

ಹಳೆ ಊರು ನನಗೆ ತುಂಬಾ ಇಷ್ಟ. ಕರುಜ್ಜಿ ಅಂತ ಕರೆಯುವ ಸಂದುಗಳು, ಎರಡೂ ಕಡೆ ಆರೇಳು ಅಂತಸ್ತಿನ ಮನೆಗಳು, ಮಧ್ಯಾಹ್ನವೂ ನೆರಳು. ಶ್ರೀಮಂತ ಮನೆತನಗಳು ಕಟ್ಟಿಸಿದ ರೋಲ್ಲಿ ಅರಮನೆಗಳು 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಅವುಗಳಲ್ಲಿ ಹಲವು ಗರಿಬಾಲ್ಡಿ ಬೀದಿಯಲ್ಲೇ ಇವೆ. ಅಪ್ಪ ಅಮ್ಮ ಇಲ್ಲದೆ ಹೋಗುವುದಿದ್ದರೆ ಕಣ್ಣು ಮುಚ್ಚಿ ಹಳೆ ಊರೇ ಅನ್ನುತ್ತಿದ್ದೆ. ಅಪ್ಪ ಅಮ್ಮ ಇದ್ದಾರೆ ಅಂದರೆ ಎರಡು ತೊಂದರೆ. ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ಫೋಟೋದಲ್ಲಿ ಚೆಂದ ಕಾಣುವ ಫ್ಲ್ಯಾಟು ಐದನೇ ಮಹಡಿಯಲ್ಲಿ ಇರಬಹುದು, ಕೆಳಗಿನ ಮಹಡಿ ತಗೊಂಡರೆ ಬೆಳಕೇ ಇರುವುದಿಲ್ಲ. ಇನ್ನೊಂದು, ಟ್ಯಾಕ್ಸಿ ಸಂದಿನ ಬಾಯಿಗೆ ನಿಂತುಬಿಡುತ್ತದೆ. ಅಲ್ಲಿಂದ ಸೂಟ್‌ಕೇಸ್ ನೀವೇ ಎಳೆಯಬೇಕು. ಕಾರು ಬಾಡಿಗೆಗೆ ತಗೊಳ್ಳುವ ಯೋಚನೆ ಇದ್ದರೆ ಹಳೆ ಊರನ್ನು ಮರೆತುಬಿಡಿ. ಅಲ್ಲಿ ಹೊರಗಿನವರ ಗಾಡಿಗೆ ನಿರ್ಬಂಧ ಇದೆ, ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ಆಮೇಲೆ ಬರುತ್ತದೆ.

ಇನ್ನು ಊರಿನ ಇನ್ನೊಂದು ದೊಡ್ಡ ಸ್ಟೇಷನ್, ಪ್ರಿಂಚಿಪೆ. ಕ್ರೂಸ್ ಹಡಗು ಹತ್ತುವವರಿಗೆ ಇದೇ ಸರಿ, ಸ್ತಾತ್ಸಿಯೋನೆ ಮರಿತ್ತಿಮಾ ಟರ್ಮಿನಲ್ಲಿಗೆ ನಡೆದೇ ಹೋಗಬಹುದು. ಆದರೆ ಸ್ಟೇಷನ್ನಿಂದ ಹಳೆ ಊರಿನ ಕಡೆ ಹೋಗುವ ಪ್ರೆ ಬೀದಿ, ಅದರಾಚೆ ಮದ್ದಲೇನಾದ ಕೆಲವು ಸಂದುಗಳು ರಾತ್ರಿ ಅಷ್ಟು ಹಿತವಾಗಿರುವುದಿಲ್ಲ. ಹಗಲು ಏನೂ ತೊಂದರೆ ಇಲ್ಲ. ನಾನು ಮಸಾಲೆ ಸಾಮಾನಿಗೆ ಆ ಕಡೆಯೇ ಹೋಗುತ್ತಿದ್ದೆ. ಅಮ್ಮನನ್ನು ಕರೆದುಕೊಂಡು ರಾತ್ರಿ ಹತ್ತಕ್ಕೆ ಅಲ್ಲಿಂದ ವಾಪಸ್ ಬರಲು ಮಾತ್ರ ನನಗೆ ಮನಸ್ಸಿಲ್ಲ, ಅಷ್ಟೆ.

ಪೋರ್ತೊ ಆಂತಿಕೊ, ಅಂದರೆ ಹಳೆ ಬಂದರು, 1992ರಲ್ಲಿ ಕೊಲಂಬಸ್ ಯಾನದ 500ನೇ ವರ್ಷಕ್ಕೆ ಹೊಸ ರೂಪ ಪಡೆದ ಜಾಗ. ವಿನ್ಯಾಸ ಇದೇ ಊರಿನ ರೆಂಜೊ ಪಿಯಾನೊ ಅವರದು. ಅಕ್ವೇರಿಯಂ ಅಲ್ಲೇ ಇದೆ, ನೆಲ ಸಮತಟ್ಟು, ಸಂಜೆ ಸುತ್ತಾಡಲು ಚೆನ್ನ. ಆದರೆ ಬಂದರಿನುದ್ದಕ್ಕೂ 1965ರಲ್ಲಿ ಶುರುವಾದ ಎತ್ತರದ ಫ್ಲೈಓವರ್ ಹಾದುಹೋಗುತ್ತದೆ. 'ಸಮುದ್ರ ಕಾಣುವ ರೂಮು' ಅಂದಲ್ಲಿ ಎಷ್ಟೋ ಸಲ ಮೊದಲು ಕಾಣುವುದು ಅದೇ.

ಬ್ರಿನ್ಯೋಲೆ ಸುತ್ತಮುತ್ತ ನೆಲ ಸಮ. ಸ್ಟೇಷನ್ನಿಂದ ಸಾನ್ ವಿಂಚೆನ್ಸೊ ಬೀದಿ, ವೆಂತಿ ಸೆತ್ತೆಂಬ್ರೆ ಬೀದಿ ಹಿಡಿದರೆ ಡೆ ಫೆರ್ರಾರಿ ಚೌಕದ ಕಾರಂಜಿ ತನಕ ಆರಾಮಾಗಿ ನಡೆದು ಹೋಗಬಹುದು. ಹಳೆ ಊರು ಅಲ್ಲಿಂದಲೇ ಶುರು. ದಾರಿಯಲ್ಲಿ ಓರಿಯೆಂತಾಲೆ ಮಾರ್ಕೆಟ್ ಇದೆ, ಹಣ್ಣು ತರಕಾರಿ ಎಲ್ಲಾ ಸಿಗುತ್ತದೆ. ಚಿಂಕ್ವೆ ತೆರೆಗೆ ಹೋಗುವ ರೈಲು ಬ್ರಿನ್ಯೋಲೆಯಿಂದಲೇ ಸಿಗುತ್ತದೆ, ಒಂದರಿಂದ ಒಂದೂವರೆ ಗಂಟೆಯ ದಾರಿ. ಸಾರ್ಡೀನಿಯಾ ಹಡಗಿಗೆ ಮಾತ್ರ ಊರಿನ ಇನ್ನೊಂದು ತುದಿಗೆ ಹೋಗಬೇಕು. ಮೆಟ್ರೊದಲ್ಲಿ ದಿನೇಗ್ರೊ ಸ್ಟೇಷನ್ನಿಗೆ ಹೋಗಿ ಇಳಿಯಬಹುದು. ಸಾಮಾನು ಜಾಸ್ತಿ ಇದ್ದರೆ ಸುಮ್ನೆ ಟ್ಯಾಕ್ಸಿ ಮಾಡಿ. ಟ್ಯಾಕ್ಸಿಯವರಿಗೆ 'ತ್ರಾಗೆತ್ತಿ' (ಫೆರ್ರಿ ಹಡಗುಗಳು) ಅನ್ನಿ. ಬರೀ 'ಪೋರ್ತೊ' ಅಂದರೆ ಯಾವ ಬಂದರು ಅಂತ ಮತ್ತೆ ಕೇಳುತ್ತಾರೆ.

ಸದ್ದುಗದ್ದಲ ಬೇಡ ಅಂದರೆ ಪೂರ್ವಕ್ಕೆ ನೆರ್ವಿ ಇದೆ. ಸಮುದ್ರದ ಅಂಚಿಗೇ ಸುಮಾರು ಎರಡು ಕಿಲೋಮೀಟರ್ ನಡೆಯುವ ದಾರಿ, ಪಕ್ಕದಲ್ಲೇ ರೈಲ್ವೆ ಸ್ಟೇಷನ್. ವಾರವಿದ್ದರೆ ಅಲ್ಲೇ ಇರಿ ಅನ್ನುತ್ತಿದ್ದೆ. ಮೂರು ರಾತ್ರಿಗೆ ಓಡಾಟವೇ ಜಾಸ್ತಿಯಾಗುತ್ತದೆ.

ಬುಕ್ ಮಾಡುವ ಮೊದಲು ಮೆಸೇಜ್ ಹಾಕಿ ಎರಡು ವಿಷಯ ಕೇಳಿ: ಲಿಫ್ಟ್ ಇದೆಯಾ, ಅದು ನೆಲಮಹಡಿಯಿಂದಲೇ ಶುರುವಾಗುತ್ತದಾ? ಕೆಲವು ಕಡೆ ಅರ್ಧ ಮಹಡಿ ಹತ್ತಿದ ಮೇಲೆ ಲಿಫ್ಟ್ ಸಿಗುತ್ತದೆ. ತಲೆಗೆ ಇಷ್ಟು ಅಂತ ನಗರ ತೆರಿಗೆಯೂ ಇದೆ, ಬುಕಿಂಗ್ ಮೊತ್ತದಲ್ಲಿ ಸೇರಿದೆಯಾ ನೋಡಿಕೊಳ್ಳಿ.

ಊಟದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಪ್ಪ ಅಮ್ಮ ಸಸ್ಯಾಹಾರಿಗಳಾದರೆ ಇಲ್ಲಿ ಫಾರಿನಾತಾ ಸಿಗುತ್ತದೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಸಣ್ಣ ಮೀನು ಹಾಕಿದ ಬಗೆಯನ್ನೂ ಕೆಲವರು ಮಾಡುತ್ತಾರೆ, ಅದಕ್ಕೇ ಸಾದಾದ್ದೇ ಬೇಕು ಅಂತ ಹೇಳಿ ತಗೊಳ್ಳಿ.