ಕೋವಿಡ್ ನಂತರ ಒಂದೆರಡು ಕೊಠಡಿಯ ಸರ್ಕಾರಿ ಶಾಲೆಯನ್ನು ಸುರಕ್ಷಿತವಾಗಿ ತೆರೆಯುವುದು ಹೇಗೆ?

ಮೊದಲು ನೀರು ನೋಡಿ, ಸ್ಯಾನಿಟೈಸರ್ ಆಮೇಲೆ. ತಿಂಗಳುಗಟ್ಟಲೆ ನಿಂತ ನೀರನ್ನು ನಲ್ಲಿಗಳ ಮೂಲಕವೇ ಹೊರಬಿಟ್ಟು ತೊಟ್ಟಿ ಉಜ್ಜಿ ತೊಳೆಯಿರಿ. ಹೊಸದಾಗಿ ತುಂಬಿದ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪುಡಿ ಸಾಕು. ಅದನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನಷ್ಟೇ ತೊಟ್ಟಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಬಾಯಿ ತೆರೆದಿಟ್ಟ ಹಳೇ ಪೊಟ್ಟಣದಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಎಡವುವುದು ಹೆಚ್ಚಾಗಿ ಇಲ್ಲೇ.

ಕೊಠಡಿಗೆ ಔಷಧಿ ಸಿಂಪಡಿಸುವುದು ತೋರಿಕೆಗೆ ಚೆಂದ, ಅಷ್ಟೆ. ಸೋಂಕು ಹರಡುವುದು ಮುಖ್ಯವಾಗಿ ಉಸಿರಿನಿಂದ. ಎದುರುಬದುರು ಕಿಟಕಿ-ಬಾಗಿಲು ತೆರೆದಿಡಿ, ತುಕ್ಕು ಹಿಡಿದ ಚಿಲಕ ರಿಪೇರಿ ಮಾಡಿಸಿ, ಆದಷ್ಟು ಜಗಲಿಯಲ್ಲೋ ಮರದಡಿಯೋ ಪಾಠ ಮಾಡಿ. 15-20 ಮಕ್ಕಳ ತಂಡ ಮಾಡಿ ದಿನ ಬಿಟ್ಟು ದಿನ ಕರೆಯಬಹುದು. ಆದರೆ ಮನೆಯಲ್ಲಿ ಫೋನ್ ಇಲ್ಲದವರನ್ನು ದಿನವೂ ಕರೆಯಿರಿ, ಹಿಂದೆ ಬಿದ್ದವರು ಅವರೇ.

ಕರ್ನಾಟಕದಲ್ಲಿ 1ರಿಂದ 5ನೇ ತರಗತಿ ತೆರೆದದ್ದು ಕೊನೆಗೆ, 2021ರ ಅಕ್ಟೋಬರ್ 25ಕ್ಕೆ. ಆಗ ಎರಡನೇ ತರಗತಿಗೆ ಬಂದ ಮಗು ಶಾಲೆಯನ್ನೇ ಕಂಡಿರಲಿಲ್ಲ. ಹಾಗಾಗಿ ಪಠ್ಯಪುಸ್ತಕಕ್ಕೆ ನೇರ ಕೈಹಾಕದೆ, ಓದು, ಎರಡಂಕಿಯ ಲೆಕ್ಕ ಎಷ್ಟು ಬರುತ್ತದೆಂದು ಒಬ್ಬೊಬ್ಬರನ್ನೇ ಕೂರಿಸಿ ನೋಡಿ. ಹಿಂದುಳಿದ ಕಲಿಕೆಯನ್ನು ಸರಿದೂಗಿಸಲು ರಾಜ್ಯ ಸರ್ಕಾರ ತಂದ 2022-23ರ 'ಕಲಿಕಾ ಚೇತರಿಕೆ' ಕಾರ್ಯಕ್ರಮ ಹುಟ್ಟಿದ್ದೂ ಈ ಕಾರಣಕ್ಕೇ.