ಬೆಂಗಳೂರು–ಮಂಗಳೂರು ವಿಮಾನ: ಎಷ್ಟು ದೂರ, ಎಷ್ಟು ಹೊತ್ತು? ಹಾಸನದವರಿಗೆ ಲಾಭವೇ?

ದೇವನಹಳ್ಳಿಯಿಂದ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆಯ ಆಸುಪಾಸು ತೋರಿಸುತ್ತಾರೆ. ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ. ಉಳಿದದ್ದು ರನ್‌ವೇಗೆ ಹೋಗಲು, ಇಳಿದು ನಿಲ್ಲಲು.

ತಮಾಷೆ ಏನು ಗೊತ್ತಾ? ಆ ಗೆರೆ ಹಾಸನ ಊರಿನ ಪಕ್ಕದಲ್ಲೇ, ಆರೇಳು ಕಿ.ಮೀ. ಉತ್ತರಕ್ಕೆ ಹಾದು ಹೋಗುತ್ತದೆ! ಅಂದರೆ ನೀವು ವಿಮಾನ ಹತ್ತಲು ಸುಮಾರು 200 ಕಿ.ಮೀ. ಪೂರ್ವಕ್ಕೆ ಹೋಗಿ, ಮತ್ತೆ ನಿಮ್ಮೂರ ಮೇಲೆಯೇ ಹಾರಿದ ಹಾಗೆ. ಸುಮ್ನೆ ದುಡ್ಡು ದಂಡ ಅಲ್ವಾ? ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿ ದಾಟಿ ಬಸ್ಸಿನಲ್ಲೋ ಕಾರಿನಲ್ಲೋ ಹೋಗಿ. ಮಳೆಗಾಲದಲ್ಲಿ ಮಾತ್ರ ಘಾಟಿ ತೆರೆದಿದೆಯಾ ಎಂದು ಮೊದಲೇ ವಿಚಾರಿಸಿಕೊಳ್ಳಿ. ಗುಡ್ಡ ಕುಸಿದರೆ ಗಂಟೆಗಟ್ಟಲೆ ಕಾಯಬೇಕು.