ಹೆರಿಗೆ ವಾರ್ಡಿನ ನರ್ಸ್‌ಗಳ ಕೆಲಸವೇನು?

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಹೆರಿಗೆಯನ್ನು ವೈದ್ಯರೇ ಮಾಡಿಸುವಾಗ ನರ್ಸ್‌ಗಳ ಪಾತ್ರವೇನು?

ಉತ್ತರ: ನೋವು ಶುರುವಾದಾಗಿನಿಂದ ನಿಮ್ಮ ಬಳಿ ಹೆಚ್ಚು ಹೊತ್ತು ಇರುವವರು ನರ್ಸ್‌ಗಳೇ. ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ, ರಕ್ತದೊತ್ತಡ ಎಷ್ಟಿದೆ, ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇದೆಯೇ ಎಂಬುದನ್ನು ಗಮನಿಸುತ್ತಾ, ವ್ಯತ್ಯಾಸ ಕಂಡೊಡನೆ ವೈದ್ಯರಿಗೆ ತಿಳಿಸುತ್ತಾರೆ. ಆದರೆ ಹೆರಿಗೆಯ ನಂತರದ ಕೆಲಸವೇ ಹೆಚ್ಚು ಸೂಕ್ಷ್ಮವೆಂದು ನನ್ನ ಅಭಿಪ್ರಾಯ. ಮೊದಲ ಕೆಲವು ಗಂಟೆ ಅವರು ಮತ್ತೆ ಮತ್ತೆ ಕಿಬ್ಬೊಟ್ಟೆಯನ್ನು ಒತ್ತಿ ನೋಡಿದರೆ ಬೇಸರಪಡಬೇಡಿ. ಗರ್ಭಕೋಶ ಗಟ್ಟಿಯಾಗಿ ಕುಗ್ಗದಿದ್ದರೆ ರಕ್ತಸ್ರಾವ ಹೆಚ್ಚುವುದರಿಂದ, ಅದು ಮೆತ್ತಗಿದ್ದರೆ ಆಗಲೇ ನೀವಿ ಗಟ್ಟಿಯಾಗುವಂತೆ ಮಾಡುತ್ತಾರೆ. ಮಗುವನ್ನು ನಿಮ್ಮ ಎದೆಯ ಮೇಲೆ ಮಲಗಿಸಿ, ಸಾಧ್ಯವಾದರೆ ಮೊದಲ ಗಂಟೆಯೊಳಗೇ ಹಾಲೂಡಿಸಲು ನೆರವಾಗುವವರೂ ಅವರೇ. ಮನೆಗೆ ಹೋದ ಮೇಲೆ ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ತೊಯ್ದರೆ, ಜ್ವರ ಅಥವಾ ತೀವ್ರ ತಲೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.